ಅಳು ನಿಂತಿತು, ಆಮೇಲೆ?

ಮಕ್ಕಳ ಹಠ, ಹೆದರಿಕೆಗೆ ಸಲಹೆ ಕೇಳಲು ನನ್ನ ಹತ್ತಿರ ಬರುವ ಅಪ್ಪ-ಅಮ್ಮಂದಿರಲ್ಲಿ ಹೆಚ್ಚಿನವರ ಬೇಡಿಕೆ ಒಂದೇ. "ಮೇಡಂ, ಇವನು ಹಠ ಶುರು ಮಾಡಿದ್ರೆ ಸುಮ್ನಾಗಬೇಕು. ಏನು ಮಾಡ್ಬೇಕು ಹೇಳಿ." ಮಗುವಿಗೆ ಎರಡೂವರೆ ವರ್ಷ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕೂತ ಅಜ್ಜಿ ಉಪಾಯ ಹೇಳಿಬಿಡುತ್ತಾರೆ. "ಆನೆ ಬರುತ್ತೆ ಅಂದ್ರೆ ಸಾಕು, ಉಸಿರೆತ್ತಲ್ಲ."

ಬೇರೆ ಊರುಗಳಲ್ಲಿ ಗುಮ್ಮ ಬರುತ್ತೆ ಅಂತಾರೆ. ಗುಮ್ಮ ಯಾವತ್ತೂ ಬರುವುದಿಲ್ಲ. ಕೊಡಗಿನಲ್ಲಿ ಆನೆ ನಿಜಕ್ಕೂ ಬರುತ್ತದೆ, ತೊಂದರೆ ಇರುವುದೇ ಅಲ್ಲಿ. ಸಿದ್ದಾಪುರದ ಕಡೆಯ ತೋಟದ ಮನೆಯೊಂದರ ಹುಡುಗಿಯನ್ನು ನೋಡಿದ್ದೆ. ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ನಾಲ್ಕು ವರ್ಷ, ಊಟಕ್ಕೂ ಹಠ, ಸ್ನಾನಕ್ಕೂ ಹಠ. ಎಲ್ಲದಕ್ಕೂ ಮನೆಯಲ್ಲಿ ಆನೆಯೇ ಮದ್ದು. ಒಂದು ರಾತ್ರಿ ಆನೆ ಬಂದೇ ಬಂತು. ಹಿತ್ತಲ ಬಾಳೆ ಮುರಿದು ಹಾಕಿತು. ಪಟಾಕಿ ಹೊಡೆದು ಓಡಿಸಿದರು. ಅವತ್ತಿನಿಂದ ಹುಡುಗಿ ಹಠ ಪೂರ್ತಿ ಬಿಟ್ಟಳು. ಮನೆಯವರಿಗೆ ಖುಷಿಯೋ ಖುಷಿ. ಆದರೆ ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಯಿತು. ಅಮ್ಮ ಬಚ್ಚಲಿಗೆ ಹೋದರೂ ಹಿಂದೆಯೇ ಹೋಗುತ್ತಿದ್ದಳು. ನನ್ನ ಹತ್ತಿರ ಕರೆತಂದದ್ದು ಹಾಸಿಗೆಯ ವಿಷಯಕ್ಕೆ, ಹೆದರಿಕೆಯ ವಿಷಯಕ್ಕಲ್ಲ. ತಾನು ಸ್ನಾನಕ್ಕೆ ಹಠ ಮಾಡಿದ್ದಕ್ಕೇ ಆನೆ ಬಂತು ಎಂದು ಅವಳು ನಂಬಿದ್ದಳು. ನಂಬದೆ ಇನ್ನೇನು? ದೊಡ್ಡವರೇ ಹೇಳಿದ್ದರಲ್ವಾ?

ಅಳು ನಿಲ್ಲುವುದು ಬೇರೆ, ಒಳಗಿನ ಗಾಬರಿ ಇಳಿಯುವುದು ಬೇರೆ. ಇಷ್ಟನ್ನು ನಾನು ದಿನಾ ಹೇಳುತ್ತೇನೆ, ಎಲ್ಲರೂ ತಲೆ ಆಡಿಸುತ್ತಾರೆ, ಬಾಗಿಲು ದಾಟುವ ಮೊದಲೇ "ಅಳ್ಬೇಡ, ಡಾಕ್ಟ್ರು ಸೂಜಿ ಚುಚ್ತಾರೆ" ಎನ್ನುತ್ತಾರೆ. ನನ್ನ ಹತ್ತಿರ ಸೂಜಿಯೇ ಇಲ್ಲ.

1993ರಲ್ಲಿ ಸ್ಪ್ಯಾಂಗ್ಲರ್ ಮತ್ತು ಗ್ರಾಸ್‌ಮನ್ ಎಂಬ ಜರ್ಮನ್ ಸಂಶೋಧಕರು ಒಂದು ವರ್ಷದ ಮಕ್ಕಳ ಅಧ್ಯಯನವೊಂದನ್ನು ಪ್ರಕಟಿಸಿದರು. ಅಮ್ಮ ಸ್ವಲ್ಪ ಹೊತ್ತು ಕೋಣೆಯಿಂದ ಹೊರಗೆ ಹೋಗುತ್ತಾಳೆ, ಆಮೇಲೆ ವಾಪಸ್ ಬರುತ್ತಾಳೆ. ಕೆಲವು ಮಕ್ಕಳು ಜೋರಾಗಿ ಅತ್ತು, ಅಮ್ಮ ಬಂದ ಕೂಡಲೇ ಅಂಟಿಕೊಂಡು ಸಮಾಧಾನ ಮಾಡಿಕೊಂಡವು. ಇನ್ನು ಕೆಲವು ಏನೂ ಆಗದ ಹಾಗೆ ಆಟದ ಸಾಮಾನು ಹಿಡಿದು ಕೂತವು. ನೋಡಿದವರು ಇವನ್ನೇ ಜಾಣ ಮಕ್ಕಳು ಅನ್ನುತ್ತಾರೆ. ಆದರೆ ಅಮ್ಮ ಇಲ್ಲದಾಗ ಇವುಗಳ ಎದೆಬಡಿತವೂ ಏರಿತ್ತು. ಆಮೇಲೆ ಎಂಜಲು ಪರೀಕ್ಷೆ ಮಾಡಿದಾಗ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಹೆಚ್ಚಾಗಿದ್ದು ಇವುಗಳಲ್ಲೇ. ಅತ್ತು ಸಮಾಧಾನವಾದ ಮಕ್ಕಳಲ್ಲಿ ಅದು ಹಾಗೆ ಏರಿರಲಿಲ್ಲ.

ಕಾಫಿ ಒಣಗಿಸುವವರಿಗೆ ಇದನ್ನು ಬೇಗ ಅರ್ಥ ಮಾಡಿಸಬಹುದು. ಕಣದಲ್ಲಿ ಹರಡಿದ ಚೆರಿ, ಅಂದರೆ ಕಾಫಿ ಹಣ್ಣು, ಹೊರಗೆ ಕಪ್ಪಾಗಿ ಒಣಗಿದ ಹಾಗೆ ಕಾಣುತ್ತದೆ. ಆದರೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದಾಗ ಬೀಜ ಗಲಗಲ ಅನ್ನದಿದ್ದರೆ ಯಾರಾದರೂ ಚೀಲ ಕಟ್ಟುತ್ತಾರಾ? ಮಗುವಿನ ವಿಷಯದಲ್ಲಿ ಮಾತ್ರ ಕೆನ್ನೆ ಒಣಗಿದ ಕೂಡಲೇ ಚೀಲ ಕಟ್ಟಿಬಿಡುತ್ತೇವೆ.

ಇದನ್ನು ಓದಿ ಸುಮ್ಮನಿರುವ ಮಗುವೆಲ್ಲ ಒಳಗೆ ಬೇಯುತ್ತಿದೆ ಎಂದು ಹೆದರಬೇಡಿ. ಹುಟ್ಟಿನಿಂದಲೇ ತಣ್ಣಗಿರುವ ಮಕ್ಕಳು ಬೇಕಾದಷ್ಟು ಇದ್ದಾರೆ. ಜೆರೋಮ್ ಕೇಗನ್ ಎಂಬ ಮನಶ್ಶಾಸ್ತ್ರಜ್ಞರು ನಾಲ್ಕು ತಿಂಗಳ ಕೂಸುಗಳಿಗೆ ಹೊಸ ಸದ್ದು, ಹೊಸ ವಾಸನೆ, ತೂಗಾಡುವ ಬಣ್ಣದ ಆಟಿಕೆ ತೋರಿಸಿ ನೋಡಿದ್ದರು. ಸುಮಾರು ಶೇ. 20ರಷ್ಟು ಕೂಸುಗಳು ಕೈಕಾಲು ಬಡಿದು ಅತ್ತವು, ಸುಮಾರು ಶೇ. 40ರಷ್ಟು ಆರಾಮಾಗಿ ಮಲಗಿದ್ದವು. ನಾಲ್ಕು ತಿಂಗಳಿಗೆ ಯಾರ ಮುದ್ದೂ ಕೆಡಿಸಿರುವುದಿಲ್ಲ, ಗಮನಿಸಿ. ನಮ್ಮ ಸುಗ್ಗಿ ಹಬ್ಬ ಪುತ್ತರಿಯಲ್ಲೂ ಇದೇ ಪರೀಕ್ಷೆ ನಡೆಯುತ್ತದೆ. ಕದಿರು ಕುಯ್ಯುವಾಗ ಗುಂಡು ಹಾರಿದರೆ ಒಂದು ಮಗು ಸದ್ದಿನ ಕಡೆಗೇ ಓಡುತ್ತದೆ, ಅದರ ಅಣ್ಣ ಅಜ್ಜಿಯ ಸೀರೆಯೊಳಗೆ ಮುಖ ಹುದುಗಿಸುತ್ತಾನೆ. ಮನೆ ಒಂದೇ, ಸಾಕಿದವರೂ ಒಬ್ಬರೇ.

ತೋಟದ ಮನೆಗಳಲ್ಲಿ ಇನ್ನೊಂದು ಕಷ್ಟ. ಪಕ್ಕದ ಮನೆ ಎಂದರೆ ಅರ್ಧ ಕಿಲೋಮೀಟರ್ ದೂರ. ನಿಧಾನಕ್ಕೆ ಹೊಂದಿಕೊಳ್ಳುವ ಸ್ವಭಾವದ ಮಗು ವಾರಗಟ್ಟಲೆ ಐದಾರು ಮುಖ ಬಿಟ್ಟು ಬೇರೆ ನೋಡಿರುವುದಿಲ್ಲ. ಆಮೇಲೆ ಒಂದು ದಿನ ಸೀದಾ ಸಾವಿರ ಜನರ ಮದುವೆಗೆ, ವಾಲಗದ ಪಕ್ಕಕ್ಕೆ. ಬಂದವರೆಲ್ಲ ಕೆನ್ನೆ ಹಿಂಡುತ್ತಾರೆ. ಮಗು ಕಿರುಚಿದರೆ "ಮನೆಯಲ್ಲಿ ಹುಲಿ, ಇಲ್ಲಿ ನೋಡಿ" ಎಂದು ನಗುತ್ತಾರೆ. ಸ್ವಲ್ಪ ಬೇಗ ಹೋಗಿ. ಜನ ಸೇರುವ ಮೊದಲು ಹಾಲ್ ಒಂದು ಸುತ್ತು ತೋರಿಸಿ. ಅಷ್ಟಕ್ಕೇ ಅರ್ಧ ಕೆಲಸ ಮುಗಿಯುತ್ತದೆ.

ಹುಟ್ಟು ಸ್ವಭಾವ ಒಂದು ಕಡೆ ಇರಲಿ, ಸಮಾಧಾನ ಮಾಡಿಕೊಳ್ಳುವುದನ್ನು ಎಲ್ಲ ಮಕ್ಕಳೂ ಕಲಿಯಲೇಬೇಕು. ಕಲಿಯುವುದು ಇನ್ನೊಬ್ಬರ ಮೈಯಿಂದ. ಕೂಸಿಗೆ ಗೊತ್ತಿರುವುದು ಬೆರಳು ಚೀಪುವುದು, ಮುಖ ಆಚೆ ತಿರುಗಿಸುವುದು, ಅಷ್ಟೇ. ಉಳಿದದ್ದನ್ನೆಲ್ಲ ಎತ್ತಿಕೊಂಡವರೇ ಮಾಡಬೇಕು. ವರ್ಷದ ಹೊತ್ತಿಗೆ ಹೊಸದೇನಾದರೂ ಕಂಡರೆ ಮೊದಲು ಅಮ್ಮನ ಮುಖ ನೋಡುತ್ತದೆ. ಎರಡಕ್ಕೆ ಆಸೆಗಳು ಜಾಸ್ತಿ, ಮಾತು ಕಮ್ಮಿ, ಅದಕ್ಕೇ ನೆಲಕ್ಕೆ ಬಿದ್ದು ಒದ್ದಾಟ. ಮೂರು ನಾಲ್ಕಕ್ಕೆ "ನಂಗೆ ಕೋಪ ಬಂದಿದೆ" ಅನ್ನಲು ಬರುತ್ತದೆ. ಆವೇಗ ತಡೆಯುವ ಮಿದುಳಿನ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸು ಬೇಕು. ಎರಡೂವರೆ ವರ್ಷದವನಿಗೆ "ಕಂಟ್ರೋಲ್ ಮಾಡ್ಕೋ" ಅಂದರೆ ಅವನು ಯಾವುದರಿಂದ ಮಾಡಿಕೊಳ್ಳಬೇಕು?

ಇಷ್ಟು ಹೇಳಿದರೆ ಅಪ್ಪಂದಿರ ಪ್ರಶ್ನೆ ತಯಾರಾಗಿರುತ್ತದೆ. "ಹಾಗಾದ್ರೆ ಕೇಳಿದ್ದೆಲ್ಲ ಕೊಡಿಸ್ಬೇಕಾ?" ಬೇಡ. ಬೇಡ ಅಂತ ಇನ್ನೊಮ್ಮೆ ಹೇಳುತ್ತೇನೆ. ಗೋಣಿಕೊಪ್ಪದ ಸಂತೆಯಲ್ಲಿ ಮಗು ಪ್ಲಾಸ್ಟಿಕ್ ಜೆಸಿಬಿ ಬೇಕು ಎಂದು ಮಲಗಿಬಿಟ್ಟಿತು ಅಂತಿಟ್ಟುಕೊಳ್ಳಿ. ಜೆಸಿಬಿ ಇಲ್ಲ ಅಂದ ಮೇಲೆ ಇಲ್ಲ. ಆದರೆ ನೀವು ಅಲ್ಲೇ ಇರಬೇಕು. ಎತ್ತಿ ಬದಿಗೆ ಕರೆದುಕೊಂಡು ಹೋಗಿ, ಕುಕ್ಕರಗಾಲಲ್ಲಿ ಕೂತು, "ಜೆಸಿಬಿ ಬೇಕಿತ್ತು, ಸಿಗಲಿಲ್ಲ, ಸಿಟ್ಟು ಬಂತು" ಎಂದು ಸಣ್ಣ ದನಿಯಲ್ಲಿ ಹೇಳಿ ಬಾಯಿ ಮುಚ್ಚಿಕೊಳ್ಳಿ. ಭಾಷಣ ಬೇಡ. ಆ ಹೊತ್ತಿನಲ್ಲಿ ಅದಕ್ಕೆ ನಿಮ್ಮ ಬುದ್ಧಿಮಾತು ಕೇಳಿಸುವುದೇ ಇಲ್ಲ. ಹೊಡೆಯಲು, ಕಚ್ಚಲು ಬಂದರೆ ಕೈ ಹಿಡಿಯಿರಿ. ಹೆಚ್ಚಿನ ಸಲ ಕೆಲವೇ ನಿಮಿಷಗಳಲ್ಲಿ ಕಿರುಚಾಟ ಬಿಕ್ಕಳಿಕೆಗೆ ಇಳಿಯುತ್ತದೆ. ಆಗ ನೀರು ಕುಡಿಸಿ, ತಬ್ಬಿಕೊಳ್ಳಿ. ನ್ಯಾಯ ತೀರ್ಮಾನ ಮನೆಗೆ ಹೋದ ಮೇಲೆ, ಊಟ ಆದ ಮೇಲೆ. ವಸ್ತು ಕೊಡದೆ ಜೊತೆ ಕೊಡಬಹುದು. ಜನ ಎರಡನ್ನೂ ಒಟ್ಟಿಗೇ ಕೊಡುತ್ತಾರೆ, ಇಲ್ಲವೇ ಎರಡನ್ನೂ ಕಿತ್ತುಕೊಳ್ಳುತ್ತಾರೆ.

ಗಂಡು ಮಕ್ಕಳಿಗೆ ನಮ್ಮ ಜಿಲ್ಲೆಯಲ್ಲಿ ಇನ್ನೂ ಒಂದು ಹೊರೆ ಇದೆ. "ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನಾಡು, ಅಳ್ತೀಯಲ್ಲೋ!" ನಿವೃತ್ತ ಸುಬೇದಾರ್ ಒಬ್ಬರು ಮೊಮ್ಮಗನನ್ನು ಕರೆತಂದಿದ್ದರು. ಮೀಸೆ ನೋಡಿ ನಾನು ಅದೇ ಮಾತಿಗೆ ಕಾದೆ. ಹುಡುಗ ಷೂ ವಿಷಯಕ್ಕೆ ಕಾರಿಡಾರಿನಲ್ಲೇ ರಂಪ ಶುರು ಮಾಡಿದ. ಅಜ್ಜ ಪಕ್ಕದ ಮೆಟ್ಟಿಲ ಮೇಲೆ ಕೂತು ಜೇಬಿನಿಂದ ಕಿತ್ತಳೆ ತೆಗೆದು ನಿಧಾನಕ್ಕೆ ಸುಲಿಯತೊಡಗಿದರು. ನಾರು ಕೂಡ ಒಂದೊಂದಾಗಿ ಬಿಡಿಸಿದರು. ಹುಡುಗ ದಣಿದು, ಬಿಕ್ಕಿ, ಹತ್ತಿರ ಬಂದು ಮೊಣಕಾಲಿಗೆ ಒರಗಿದ. "ಬೇಕಾ?" ಅಂದರು. ಅಷ್ಟೇ. ಆಮೇಲೆ ನನಗೆ ಹೇಳಿದ್ದು: "ರಿಕ್ರೂಟ್ ಆಗಿ ಬಂದ ಹುಡುಗರು ಮೊದಲ ವಾರ ರಾತ್ರಿ ಕಂಬಳಿಯೊಳಗೆ ಅಳ್ತಾರೆ ಮೇಡಂ. ನಾನು ಬೈತಿರ್ಲಿಲ್ಲ. ಬ್ಯಾರಕ್ ಒಳಗೆ ಒಂದು ಸುತ್ತು ನಡೀತಿದ್ದೆ, ನಾನಿದ್ದೀನಿ ಅಂತ ಗೊತ್ತಾಗ್ಲಿ ಅಂತ." ಅವರಿಗೆ ನಾನು ಕಲಿಸಬೇಕಾದ್ದು ಏನೂ ಇರಲಿಲ್ಲ. ಷೂ ಒಂದು ಸೈಜ್ ಚಿಕ್ಕದಾಗಿತ್ತು, ಅಷ್ಟು ಹೇಳಿ ಕಳಿಸಿದೆ.

ಈಗ ಮೊಬೈಲ್. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ಅಂಗಳಕ್ಕೆ ಇಳಿದರೆ ಜಿಗಣೆ, ಮಗು ಮನೆಯೊಳಗೇ. ಒಲೆಯ ಮೇಲೆ ಸಾರು ಕುದಿಯುವಾಗ ಅರ್ಧ ಗಂಟೆ ಕಾರ್ಟೂನ್ ಹಾಕಿದ ಅಮ್ಮನನ್ನು ನಾನು ಬೈಯುವುದಿಲ್ಲ. ನನ್ನ ತಕರಾರು, ಅತ್ತ ಪ್ರತಿ ಸಲವೂ ಕೈಗೆ ಫೋನ್ ಇಡುವುದಕ್ಕೆ. 3ರಿಂದ 5 ವರ್ಷದ ಮಕ್ಕಳ ಬಗ್ಗೆ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ನೋಡಿತ್ತು. ಸಮಾಧಾನಕ್ಕೆಂದು ಪದೇ ಪದೇ ಮೊಬೈಲ್ ಕೊಟ್ಟ ಮಕ್ಕಳಲ್ಲಿ, ಅದರಲ್ಲೂ ಗಂಡು ಮಕ್ಕಳಲ್ಲಿ ಮತ್ತು ಸ್ವಭಾವದಿಂದಲೇ ಒಂದು ಕಡೆ ನಿಲ್ಲದ ಚಟುವಟಿಕೆಯ ಮಕ್ಕಳಲ್ಲಿ, ತಿಂಗಳುಗಳು ಕಳೆದಂತೆ ಸಿಟ್ಟು-ಸಿಡುಕು ಹೆಚ್ಚಾಗಿ ಕಂಡಿತು. ಮೊಬೈಲೇ ಕಾರಣ ಎಂದು ಒಂದೇ ಅಧ್ಯಯನದಿಂದ ಖಡಾಖಂಡಿತ ಹೇಳಲು ಬರುವುದಿಲ್ಲ. ಆದರೆ ಫೋನ್ ನೋಡುವಾಗ ಮಗು ಸಮಾಧಾನ ಮಾಡಿಕೊಳ್ಳುವುದನ್ನು ಅಭ್ಯಾಸ ಮಾಡುತ್ತಿಲ್ಲ, ಅದಂತೂ ಕಣ್ಣಿಗೆ ಕಾಣುತ್ತದೆ.

ಇದೆಲ್ಲ ಸಾಮಾನ್ಯ ಹಠದ ಮಾತು. ಐದು ವರ್ಷ ದಾಟಿದರೂ ದಿನಾ ದೀರ್ಘ ರಂಪ, ತಲೆ ಚಚ್ಚಿಕೊಳ್ಳುವುದು, ಕಲಿತ ಮಾತು ಬಿಟ್ಟುಹೋಗುವುದು, ಕರೆದರೆ ತಿರುಗದಿರುವುದು, ಇವನ್ನು ಕಂಡರೆ ಅಂಕಣ ಓದುತ್ತಾ ಕೂರಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ. ಕಿವಿ ಪರೀಕ್ಷೆಯೂ ಆಗಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ ಮಳೆ ಸದ್ದಿಗೇ ನಡುಗುವ ಮಕ್ಕಳೂ ನಮ್ಮಲ್ಲಿದ್ದಾರೆ. ಅದು ಹಠ ಅಲ್ಲವೇ ಅಲ್ಲ, ಅದಕ್ಕೆ ಬೇರೆ ಚಿಕಿತ್ಸೆ ಇದೆ. ರಸ್ತೆ ಬಂದ್ ಆಗಿ ಬರಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಸಹಾಯವಾಣಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ನನ್ನ ಹತ್ತಿರ ಬರುವುದಾದರೆ ಅಜ್ಜಿಯನ್ನು ಮನೆಯಲ್ಲಿ ಬಿಟ್ಟು ಬರಬೇಡಿ. ಹಗಲೆಲ್ಲ ಮಗುವಿನ ಜೊತೆ ಇರುವವರು ಅವರೇ, ಆನೆ ಅವರ ಕೈಯಲ್ಲೇ ಇದೆ.