ವಿಯೆಟ್ನಾಂ ಬಾಕಿ: ಅಮೆರಿಕದ ಬೆಲೆಯೇರಿಕೆಯ ಬಿಲ್ಲು ಕಟ್ಟಿದ್ದು ಯಾರು?

1979ರ ಬೇಸಿಗೆಯಲ್ಲಿ ಅಮೆರಿಕದ ಪೆಟ್ರೋಲ್ ಬಂಕುಗಳಿಗೆ ಯಾರೂ ಊಹಿಸದ ತೊಂದರೆಯೊಂದು ಎದುರಾಯಿತು. ಆಗಿನ ಪಂಪುಗಳ ಹೊಟ್ಟೆಯಲ್ಲಿದ್ದದ್ದು ಹಲ್ಲುಚಕ್ರಗಳ ಲೆಕ್ಕದ ಯಂತ್ರ. ಒಂದು ಗ್ಯಾಲನ್ನಿಗೆ, ಅಂದರೆ ಹೆಚ್ಚುಕಡಿಮೆ 3.8 ಲೀಟರಿಗೆ, ಎಷ್ಟು ದರ ಎಂಬುದನ್ನು ಅದರಲ್ಲಿ ಮೂರೇ ಅಂಕಿಗಳಲ್ಲಿ ಕೂರಿಸಬೇಕು. 99.9 ಸೆಂಟ್ ಬಂದರೆ ಮುಗಿಯಿತು, ಅದರಾಚೆ ಚಕ್ರ ತಿರುಗದು. ಪೆಟ್ರೋಲು ಒಂದು ಡಾಲರ್ ದಾಟುವ ದಿನ ಬರುತ್ತದೆಂದು ಆ ಯಂತ್ರ ಮಾಡಿದವರು ಎಣಿಸಿಯೇ ಇರಲಿಲ್ಲ. ದಾಟಿದ ಊರುಗಳಲ್ಲಿ ಬಂಕಿನವರು ಅರ್ಧ ದರ ಕೂರಿಸಿ, ‘ಬಂದ ಮೊತ್ತದ ಎರಡರಷ್ಟು ಕೊಡಿ’ ಎಂದು ಚೀಟಿ ಅಂಟಿಸಿದರು. ಗ್ಯಾಲನ್ನಿಗೆ 1.04 ಡಾಲರ್ ಇದ್ದರೆ ಪಂಪಿನಲ್ಲಿ 52 ಸೆಂಟ್. ಹತ್ತು ಗ್ಯಾಲನ್ ಹಾಕಿಸಿದರೆ ಮೀಟರಿನಲ್ಲಿ 5.20, ಕೈಯಿಂದ ಹೋಗುವುದು 10.40.

ಇದಕ್ಕೆಲ್ಲ ಇರಾನಿನ ಕ್ರಾಂತಿ ಕಾರಣ, ಅದಕ್ಕೂ ಮುಂಚೆ ಅರಬ್ಬರ ತೈಲ ನಿರ್ಬಂಧ ಕಾರಣ ಎನ್ನುವ ವಿವರಣೆ ಎಲ್ಲರಿಗೂ ಗೊತ್ತು. ಅದು ಅರ್ಧ ಸತ್ಯ. ತೈಲದ ಬೆಲೆ ಏರುವ ಹೊತ್ತಿಗೆ ಅಮೆರಿಕದ ಬೆಲೆಯೇರಿಕೆಗೆ ಏಳೆಂಟು ವರ್ಷ ವಯಸ್ಸಾಗಿತ್ತು. ಅದರ ಹುಟ್ಟು ಇರುವುದು ಒಂದು ಯುದ್ಧದ ಖರ್ಚನ್ನು ಯುದ್ಧದ ಖರ್ಚೆಂದು ಜನರಿಗೆ ಹೇಳದೆ ನಡೆಸಿದ ಲೆಕ್ಕದಲ್ಲಿ.

1965ರ ಜುಲೈ 28ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ವಿಯೆಟ್ನಾಂನಲ್ಲಿರುವ ಸೈನಿಕರ ಸಂಖ್ಯೆಯನ್ನು 75,000ದಿಂದ 1,25,000ಕ್ಕೆ ಏರಿಸುವುದಾಗಿ ಪ್ರಕಟಿಸಿದರು. ಎರಡೇ ದಿನದ ನಂತರ, ಜುಲೈ 30ರಂದು, ವೃದ್ಧರ ಆರೋಗ್ಯ ವಿಮೆಯಾದ ಮೆಡಿಕೇರ್ ಕಾನೂನಿಗೆ ಸಹಿ ಹಾಕಿದರು. ಎರಡಕ್ಕೂ ಹಣ ಬೇಕು. ತೆರಿಗೆ ಏರಿಸಿ ಎಂದು ಸಲಹೆಗಾರರು ಹೇಳುತ್ತಲೇ ಇದ್ದರು. ಆದರೆ ಯುದ್ಧಕ್ಕೆಂದು ತೆರಿಗೆ ಕೇಳಲು ಸಂಸತ್ತಿಗೆ ಹೋದರೆ, ‘ಹಾಗಾದರೆ ನಿಮ್ಮ ಬಡವರ ಯೋಜನೆಗಳಿಗೆ ಮೊದಲು ಕತ್ತರಿ ಹಾಕಿ’ ಎನ್ನುತ್ತಾರೆಂಬ ಅಳುಕು ಜಾನ್ಸನ್‌ಗೆ. ಅದೇ ಡಿಸೆಂಬರಿನಲ್ಲಿ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್, ಆಡುಮಾತಿನ ‘ಫೆಡ್’, ತನ್ನ ಬಡ್ಡಿದರವನ್ನು ಶೇ 4ರಿಂದ 4.5ಕ್ಕೆ ಏರಿಸಿತು. ಅದರ ಮುಖ್ಯಸ್ಥ ವಿಲಿಯಂ ಮಾರ್ಟಿನ್‌ಗೆ ಟೆಕ್ಸಾಸಿನ ತಮ್ಮ ತೋಟದ ಮನೆಗೆ ಬುಲಾವ್ ಕಳಿಸಿ ಜಾನ್ಸನ್ ಚೆನ್ನಾಗಿ ತರಾಟೆಗೆ ತೆಗೆದುಕೊಂಡರು.

ತೆರಿಗೆ ಬಂದದ್ದು 1968ರ ಜೂನ್‌ನಲ್ಲಿ. ಶೇ 10ರ ಸರ್‌ಚಾರ್ಜ್, ಅಂದರೆ ಕಟ್ಟಬೇಕಾದ ತೆರಿಗೆ ನೂರು ಡಾಲರ್ ಇದ್ದವರು ನೂರಾಹತ್ತು ಕಟ್ಟಬೇಕು. ಆ ಹಣಕಾಸು ವರ್ಷದ ಕೊರತೆ 25 ಬಿಲಿಯನ್ ಡಾಲರ್. ಮರುವರ್ಷ ಬಜೆಟ್ಟಿನಲ್ಲಿ ಸಣ್ಣ ಉಳಿತಾಯವೇ ಕಂಡಿತು. ಆದರೆ ಹೊತ್ತು ಮೀರಿತ್ತು. 1965ರಲ್ಲಿ ಶೇ 2ಕ್ಕಿಂತ ಕೆಳಗಿದ್ದ ಬೆಲೆಯೇರಿಕೆ 1969ಕ್ಕೆ ಶೇ 5 ದಾಟಿತ್ತು. ಬೆಲೆ ಏರುತ್ತದೆ ಎಂದು ಜನ ನಂಬಿಬಿಟ್ಟರೆ, ಕೂಲಿ ಕೇಳುವವನು ಅದನ್ನು ಸೇರಿಸಿಯೇ ಕೇಳುತ್ತಾನೆ, ಮಾರುವವನು ಸೇರಿಸಿಯೇ ದರ ಹಾಕುತ್ತಾನೆ. ಆಮೇಲೆ ಬಜೆಟ್ ಸರಿಮಾಡಿದರೂ ಬೆಲೆ ತನ್ನ ಪಾಡಿಗೆ ಏರುತ್ತದೆ.

ಮುಂದೆ ಬಂದ ರಿಚರ್ಡ್ ನಿಕ್ಸನ್ ಬೆಲೆ ನಿಯಂತ್ರಣದ ಕಡು ವಿರೋಧಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಲೆ ನಿಯಂತ್ರಣ ಇಲಾಖೆಯಲ್ಲಿ ಕೂತು ಟಯರ್ ರೇಷನ್ ಕಡತಗಳನ್ನು ನೋಡಿದ್ದ ಮನುಷ್ಯ. ಅಂಥವರೇ 1971ರ ಆಗಸ್ಟ್ 15ರ ಭಾನುವಾರ ಸಂಜೆ ಟಿವಿಯಲ್ಲಿ ಕಾಣಿಸಿಕೊಂಡು ಕೂಲಿ, ಬೆಲೆ, ಬಾಡಿಗೆ ಎಲ್ಲವನ್ನೂ 90 ದಿನ ಇದ್ದಲ್ಲೇ ನಿಲ್ಲಿಸಿದರು. ವಿದೇಶಿ ಸರ್ಕಾರಗಳಿಗೆ ಔನ್ಸಿಗೆ 35 ಡಾಲರಿನಂತೆ ಚಿನ್ನ ಕೊಡುವ ಕಿಟಕಿಯನ್ನೂ ಅದೇ ಭಾಷಣದಲ್ಲಿ ಮುಚ್ಚಿದರು. ಮರುವರ್ಷ ಚುನಾವಣೆ. ಬೆಲೆಗೆ ಮುಚ್ಚಳ ಬಿದ್ದಿದೆಯಲ್ಲ ಎಂಬ ಧೈರ್ಯದಲ್ಲಿ, ಆರ್ಥರ್ ಬರ್ನ್ಸ್ ನೇತೃತ್ವದ ಫೆಡ್ 1972ರಲ್ಲಿ ಹಣದ ಹರಿವನ್ನು ಸಡಿಲ ಬಿಟ್ಟಿತು. ಮುಚ್ಚಳ ಹಾಕಿದ ಪಾತ್ರೆಯ ಕೆಳಗೆ ಉರಿ ಹೆಚ್ಚಿಸಿದಂತಾಯಿತು. ನಿಕ್ಸನ್ ಭರ್ಜರಿಯಾಗಿ ಗೆದ್ದರು.

ಬೆಲೆ ನಿಯಂತ್ರಣ ಎಲ್ಲಿ ಮುರಿಯುತ್ತದೆ ಎಂಬುದನ್ನು ಕೋಳಿಮರಿಗಳ ಲೆಕ್ಕದಷ್ಟು ಚೆನ್ನಾಗಿ ಇನ್ನಾವುದೂ ತೋರಿಸದು. 1973ರ ಜೂನ್‌ನಲ್ಲಿ ನಿಕ್ಸನ್ ಎರಡನೇ ಸಲ, 60 ದಿನ, ಬೆಲೆ ನಿಲ್ಲಿಸಿದರು. ಅಂಗಡಿಯ ಕೋಳಿಮಾಂಸದ ದರ ನಿಂತಿತು. ಆದರೆ ಹೊಲದಿಂದ ಬರುವ ಕಚ್ಚಾ ಫಸಲಿಗೆ ವಿನಾಯಿತಿ ಇತ್ತು. ಹಿಂದಿನ ವರ್ಷ ಸೋವಿಯತ್ ಒಕ್ಕೂಟ ಅಮೆರಿಕದಿಂದ ದೊಡ್ಡ ಪ್ರಮಾಣದಲ್ಲಿ ಧಾನ್ಯ ಖರೀದಿಸಿದ್ದರಿಂದ ಧಾನ್ಯದ ಬೆಲೆ ಕೆರಳಿತ್ತು. ಜೋಳ, ಸೋಯಾ ತುಟ್ಟಿಯಾದರೆ ಕೋಳಿಯ ಮೇವೂ ತುಟ್ಟಿ. ಕೋಳಿಯ ದರ ಮಾತ್ರ ಏರುವಂತಿಲ್ಲ. ಹೀಗಾಗಿ ಸಾಕಿದ ಪ್ರತಿ ಮರಿಯೂ ನಷ್ಟ. ಟೆಕ್ಸಾಸಿನಲ್ಲಿ ಮರಿಗಳನ್ನು ಸಾವಿರಗಟ್ಟಲೆ ನೀರಿನಲ್ಲಿ ಮುಳುಗಿಸಿ ಕೊಂದರು. ಆ ದೃಶ್ಯ ಟಿವಿಯಲ್ಲಿ ಬಂತು. ದನದ ಮಾಂಸದ ದರವನ್ನು ಸೆಪ್ಟೆಂಬರಿನವರೆಗೂ ಹಿಡಿದಿಟ್ಟದ್ದರಿಂದ ಸಾಕಣೆಗಾರರು ದನಗಳನ್ನು ಸಂತೆಗೇ ಹೊಡೆಯಲಿಲ್ಲ. 1974ರ ಏಪ್ರಿಲ್ 30ಕ್ಕೆ ನಿಯಂತ್ರಣಗಳು ಕೊನೆಗೊಂಡವು, ತೈಲ ಒಂದನ್ನು ಬಿಟ್ಟು.

ಆ ಒಂದೇ ಸಾಕಾಯಿತು. ಅಮೆರಿಕದ ಸ್ವಂತ ತೈಲ ಉತ್ಪಾದನೆ 1970ರಲ್ಲೇ ಶಿಖರ ಮುಟ್ಟಿ ಇಳಿಯತೊಡಗಿತ್ತು. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ನಿರ್ಬಂಧ ಹೇರಿದವು. ಬ್ಯಾರೆಲ್ಲಿಗೆ 3 ಡಾಲರ್ ಆಸುಪಾಸಿನಲ್ಲಿದ್ದ ಕೊಲ್ಲಿಯ ತೈಲ 1974ರ ಜನವರಿಗೆ 11.65 ಆಯಿತು. ದೇಶದೊಳಗೆ ಮಾತ್ರ ಹಳೆಯ ಬಾವಿಗಳ ‘ಹಳೇ ತೈಲ’ಕ್ಕೆ 5.25 ಡಾಲರ್ ಮಿತಿ, ‘ಹೊಸ ತೈಲ’ಕ್ಕೆ ಪೇಟೆ ಬೆಲೆ. ಯಾವ ಸಂಸ್ಕರಣಾಗಾರಕ್ಕೆ ಅಗ್ಗದ ತೈಲ ಹೆಚ್ಚು ಸಿಕ್ಕಿದೆಯೋ ಅದು, ಆಮದು ತೈಲ ಕೊಳ್ಳುವವರಿಗೆ ವ್ಯತ್ಯಾಸ ತುಂಬಿಕೊಡಬೇಕೆಂಬ ವ್ಯವಸ್ಥೆಯೂ ಬಂತು. ಇದರ ಅರ್ಥ, ಆಮದು ಕಡಿಮೆ ಮಾಡಬೇಕೆಂದು ಪ್ರತಿಜ್ಞೆ ಮಾಡುತ್ತಿದ್ದ ಸರ್ಕಾರ ಆಮದಿಗೇ ಸಬ್ಸಿಡಿ ಕೊಟ್ಟಿತು.

ಬಂಕಿನ ಮುಂದಿನ ಉದ್ದನೆ ಸಾಲಿಗೂ ಇಂಥದೇ ಕಾರಣ. ಯಾವ ಊರಿಗೆ ಎಷ್ಟು ಪೆಟ್ರೋಲು ಎಂಬುದನ್ನು ಹಿಂದಿನ ವರ್ಷಗಳ ಮಾರಾಟ ನೋಡಿ ಹಂಚುತ್ತಿದ್ದರು. ರಜೆಗೆ ಜನ ಕಾರು ಹತ್ತಿ ಹೋಗುತ್ತಿದ್ದ ಹಳ್ಳಿಗಾಡಿನ ಬಂಕುಗಳಿಗೆ ಹಳೇ ಲೆಕ್ಕದಂತೆ ಲೋಡು ಬರುತ್ತಿತ್ತು. ಆದರೆ ಪೆಟ್ರೋಲು ಸಿಗದ ಭಯಕ್ಕೆ ಜನ ಊರು ಬಿಟ್ಟು ಹೋಗದೆ ನಗರದಲ್ಲೇ ಸಾಲು ನಿಂತಿದ್ದರು. ಟ್ಯಾಂಕು ಮುಕ್ಕಾಲು ಇರುವಾಗಲೇ ತುಂಬಿಸಿಕೊಳ್ಳುವವರಿಂದ ಸಾಲು ಇನ್ನಷ್ಟು ಬೆಳೆಯಿತು. ನಂಬರ್ ಪ್ಲೇಟಿನ ಕೊನೆಯ ಅಂಕಿ ಸಮವಾದರೆ ಒಂದು ದಿನ, ಬೆಸವಾದರೆ ಇನ್ನೊಂದು ದಿನ ಎಂಬ ನಿಯಮ ಬಂತು. ಸಾಲು ಪೂರ್ತಿ ಕರಗಲಿಲ್ಲ. ತೈಲದ ಮೇಲಿನ ಕೊನೆಯ ನಿಯಂತ್ರಣ ಹೋದದ್ದು 1981ರ ಜನವರಿಯಲ್ಲಿ, ರೊನಾಲ್ಡ್ ರೇಗನ್ ಅಧ್ಯಕ್ಷರಾಗಿ ಅಧಿಕಾರಕ್ಕೆ ಬಂದ ಎಂಟೇ ದಿನಕ್ಕೆ.

ಬೆಲೆಯೇರಿಕೆ ಎಲ್ಲರನ್ನೂ ಒಂದೇ ಸಮ ಹೊಡೆಯುವುದಿಲ್ಲ. ನಮ್ಮ ಸರ್ಕಾರಿ ನೌಕರರಿಗೆ ತುಟ್ಟಿಭತ್ಯೆ ಇರುವಂತೆ ಅಮೆರಿಕದ ಕಾರು ಕಾರ್ಮಿಕರಿಗೆ 1948ರ ಜನರಲ್ ಮೋಟರ್ಸ್ ಒಪ್ಪಂದದಿಂದಲೂ ಬೆಲೆ ಸೂಚ್ಯಂಕಕ್ಕೆ ಕಟ್ಟಿದ ಕೂಲಿ ಏರಿಕೆ ಸಿಗುತ್ತಿತ್ತು. ವೃದ್ಧಾಪ್ಯ ಪಿಂಚಣಿಗೂ 1975ರಿಂದ ತನ್ನಷ್ಟಕ್ಕೆ ಏರುವ ಸೂತ್ರ ಬಂತು. ಆ ಸೂತ್ರದಲ್ಲೊಂದು ದೋಷವಿತ್ತು: ಹೊಸದಾಗಿ ನಿವೃತ್ತರಾಗುವವರಿಗೆ ಬೆಲೆಯೇರಿಕೆ ಎರಡು ಸಲ ಎಣಿಕೆಯಾಗುತ್ತಿತ್ತು, ಏರಿದ ಸಂಬಳದಲ್ಲಿ ಒಮ್ಮೆ, ಪಿಂಚಣಿಯ ಶೇಕಡಾವಾರಿನಲ್ಲಿ ಇನ್ನೊಮ್ಮೆ. 1977ರಲ್ಲಿ ಅದನ್ನು ತಿದ್ದಿದರು. ಸಂಘಟನೆ ಇಲ್ಲದ ಅಂಗಡಿ ನೌಕರ, ಹೋಟೆಲ್ ಮಾಣಿ, ಗುಮಾಸ್ತೆಗೆ ಈ ಯಾವ ರಕ್ಷಣೆಯೂ ಇರಲಿಲ್ಲ. ಒಂದು ಸಂಬಳದಲ್ಲಿ ಮನೆ ನಡೆಯದೆ ಎರಡನೆಯದು ಬೇಕಾಯಿತು. 1970ರಲ್ಲಿ ವಯಸ್ಕ ಮಹಿಳೆಯರಲ್ಲಿ ಶೇ 43ರಷ್ಟು ಮಂದಿ ದುಡಿಮೆಯಲ್ಲಿ ಅಥವಾ ಕೆಲಸದ ಹುಡುಕಾಟದಲ್ಲಿದ್ದರೆ 1980ಕ್ಕೆ ಅರ್ಧಕ್ಕಿಂತ ಹೆಚ್ಚು. ಸ್ತ್ರೀ ಚಳವಳಿಯ ಪಾಲು ಇದರಲ್ಲಿ ದೊಡ್ಡದು, ದಿನಸಿ ಬಿಲ್ಲಿನ ಪಾಲೂ ಸಣ್ಣದಲ್ಲ.

ರಾಜಕೀಯವನ್ನು ತಿರುಗಿಸಿದ್ದು ತೆರಿಗೆ. ಸಂಬಳ ಶೇ 10 ಏರಿ ಬೆಲೆಯೂ ಶೇ 10 ಏರಿದರೆ ಕೊಳ್ಳುವ ಶಕ್ತಿ ಇದ್ದಲ್ಲೇ ಇರುತ್ತದೆ. ಆದರೆ ಆದಾಯ ತೆರಿಗೆಯ ಸ್ಲ್ಯಾಬುಗಳು ಕದಲುವುದಿಲ್ಲ. ಕಾಗದದ ಮೇಲೆ ಏರಿದ ಸಂಬಳ ಮೇಲಿನ ಸ್ಲ್ಯಾಬಿಗೆ ಹೋಗುತ್ತದೆ. ಯಾರೂ ಮತ ಹಾಕದೆಯೇ ತೆರಿಗೆ ಏರಿತು. ಕ್ಯಾಲಿಫೋರ್ನಿಯಾದಲ್ಲಿ ಮನೆಗಳ ಬೆಲೆ ಏರಿದಾಗ ಆಸ್ತಿ ತೆರಿಗೆಯೂ ಬೆನ್ನಿಗೇ ಏರಿತು. ಪಿಂಚಣಿಯಲ್ಲಿ ಬದುಕುವ ದಂಪತಿಗೆ ಮನೆ ಬೆಲೆ ಏರಿದರೆ ಬಂದ ಭಾಗ್ಯವೇನು? ತೆರಿಗೆ ಕಟ್ಟಲು ಗೋಡೆಯ ಇಟ್ಟಿಗೆ ಕಿತ್ತು ಮಾರಲಾಗದು. 1978ರ ಜೂನ್ 6ರಂದು ಜನಮತಕ್ಕೆ ಬಂದ ‘ಪ್ರಪೋಸಿಷನ್ 13’ ಹೇಳಿದ್ದು ಇಷ್ಟು: ಆಸ್ತಿ ತೆರಿಗೆಯು ಮನೆಯ ಮೌಲ್ಯದ ಶೇ 1 ಮೀರಬಾರದು, ಮೌಲ್ಯವನ್ನು 1975–76ರ ಮಟ್ಟಕ್ಕೆ ಇಳಿಸಬೇಕು, ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರಿಸಬಾರದು, ಮನೆ ಕೈ ಬದಲಾದಾಗ ಮಾತ್ರ ಪೇಟೆ ಬೆಲೆ. ಸುಮಾರು ಮೂರರಲ್ಲಿ ಎರಡು ಪಾಲು ಮತದಿಂದ ಗೆದ್ದಿತು. ಅಕ್ಕಪಕ್ಕದ ಎರಡು ಒಂದೇ ಥರದ ಮನೆಗಳಿಗೆ ಅಲ್ಲಿ ಇಂದಿಗೂ ಹಲವು ಪಟ್ಟು ಬೇರೆ ತೆರಿಗೆ ಬೀಳುವುದು ಇದರಿಂದ. ರೇಗನ್ ಶ್ವೇತಭವನಕ್ಕೆ ಹೋದ ದಾರಿ ಇಲ್ಲಿಂದಲೇ ಹಾದಿದೆ ಎಂಬುದು ನನ್ನ ಎಣಿಕೆ. ವಿದೇಶಾಂಗ ನೀತಿ, ಇರಾನಿನಲ್ಲಿ ಸೆರೆಯಾದ ಅಮೆರಿಕನ್ನರ ಒತ್ತೆಯಾಳು ಬಿಕ್ಕಟ್ಟು ಆಮೇಲಿನ ಮಾತು.

1979ರ ಆಗಸ್ಟ್‌ನಲ್ಲಿ ಆಗಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಫೆಡ್ಡಿನ ಕುರ್ಚಿಗೆ ಪಾಲ್ ವೋಲ್ಕರ್ ಅವರನ್ನು ತಂದರು. ಎರಡು ಮೀಟರ್ ಎತ್ತರದ, ಅಗ್ಗದ ಸಿಗಾರ್ ಸೇದುವ ವ್ಯಕ್ತಿ. ಅಕ್ಟೋಬರ್ 6ರ ಶನಿವಾರ ಸಂಜೆ ಅವರು ಪತ್ರಕರ್ತರನ್ನು ಕರೆದು ಹೇಳಿದ ವಿಷಯ ಕೇಳಲು ಒಣ ತಾಂತ್ರಿಕ ಮಾತು: ಇನ್ನು ಮುಂದೆ ಫೆಡ್ ಹಿಡಿತ ಇಡುವುದು ಬ್ಯಾಂಕುಗಳ ಮೀಸಲು ಹಣದ ಪ್ರಮಾಣದ ಮೇಲೆ, ಬಡ್ಡಿದರ ಎಲ್ಲಿಗೆ ಬೇಕಾದರೂ ಹೋಗಲಿ. ಒಳಗುಟ್ಟು ಬೇರೆ. ಬೆಲೆ ಶೇ 11 ಏರುವಾಗ ಬಡ್ಡಿಯೂ ಶೇ 11 ಇದ್ದರೆ ಸಾಲ ಪುಕ್ಕಟೆ ಸಿಕ್ಕಂತೆ. ಮಣಿಸಬೇಕಾದರೆ ಬಡ್ಡಿ ಬೆಲೆಯೇರಿಕೆಯನ್ನು ಬಹಳ ಮೀರಬೇಕು. ಶೇ 18, 20 ಎಂದು ಸಮಿತಿ ಕೈಯೆತ್ತಿ ನಿರ್ಧರಿಸಿದರೆ ರಾಜಕೀಯವಾಗಿ ಉಳಿಗಾಲವಿಲ್ಲ. ಪೇಟೆಯೇ ನಿರ್ಧರಿಸಿತು ಎನ್ನಬಹುದಾದರೆ ನಡೆದೀತು.

ನಡುವೆ ಒಂದು ಎಡವಟ್ಟು ಆಯಿತು. 1980ರ ಮಾರ್ಚ್‌ನಲ್ಲಿ ಕಾರ್ಟರ್ ಸಾಲದ ಮೇಲೆ ನೇರ ನಿಯಂತ್ರಣ ತಂದರು. ಕೊಳ್ಳುವುದೇ ದೇಶದ್ರೋಹ ಎಂಬಂತೆ ತಿಳಿದ ಜನ ಕ್ರೆಡಿಟ್ ಕಾರ್ಡ್ ಕತ್ತರಿಸಿ ಶ್ವೇತಭವನಕ್ಕೆ ಅಂಚೆಯಲ್ಲಿ ಕಳಿಸಿದರು. ಆರ್ಥಿಕತೆ ದಿಢೀರ್ ಕುಸಿಯಿತು. ಏಪ್ರಿಲ್‌ನಲ್ಲಿ ಸರಾಸರಿ ಶೇ 17 ಮೀರಿದ್ದ ಬ್ಯಾಂಕುಗಳ ನಡುವಿನ ಬಡ್ಡಿ ಜುಲೈಗೆ ಶೇ 9ಕ್ಕೆ ಇಳಿಯಿತು. ನಿಯಂತ್ರಣ ತೆಗೆದ ಕೂಡಲೇ ಬೆಲೆ ಮತ್ತೆ ತಲೆಯೆತ್ತಿತು. ಅರ್ಧಕ್ಕೇ ಮಾತ್ರೆ ನಿಲ್ಲಿಸಿದ ಜ್ವರದಂತೆ, ಎರಡನೇ ಸುತ್ತು ಇನ್ನೂ ಕಠಿಣವಾಯಿತು. ಡಿಸೆಂಬರಿನಲ್ಲಿ ಬ್ಯಾಂಕುಗಳು ತಮ್ಮ ಅತಿ ನಂಬಿಕಸ್ಥ ಗ್ರಾಹಕರಿಗೇ ಶೇ 21.5ರ ಬಡ್ಡಿ ಹಾಕಿದವು. ಅಷ್ಟರಲ್ಲಿ ಕಾರ್ಟರ್ ಚುನಾವಣೆ ಸೋತಿದ್ದರು.

ಗೃಹಸಾಲದ ಲೆಕ್ಕ ಹಾಕಿ ನೋಡಿ. ಐವತ್ತು ಸಾವಿರ ಡಾಲರ್, 30 ವರ್ಷ. ಶೇ 9ರ ಬಡ್ಡಿಗೆ ತಿಂಗಳ ಕಂತು ಸುಮಾರು 402 ಡಾಲರ್. 1981ರ ಶರತ್ಕಾಲದ ಶೇ 18ಕ್ಕೆ 754. ಮನೆ ಕಟ್ಟುವವರು ಮರದ ತುಂಡುಗಳ ಮೇಲೆ ‘ಬಡ್ಡಿ ಇಳಿಸಿ’ ಎಂದು ಬರೆದು ವೋಲ್ಕರ್‌ಗೆ ಅಂಚೆ ಮಾಡಿದರು. ಕಾರು ಮಾರುವವರು ಬಿಕರಿಯಾಗದ ಕಾರುಗಳ ಕೀಲಿಗಳನ್ನು ಶವಪೆಟ್ಟಿಗೆಯಲ್ಲಿಟ್ಟು ಕಳಿಸಿದರು. ರೈತರು ಟ್ರ್ಯಾಕ್ಟರ್ ತಂದು ಫೆಡ್ ಕಟ್ಟಡದ ಮುಂದೆ ನಿಲ್ಲಿಸಿದರು. ಇನ್ನೊಂದು ವಕ್ರತೆ: ಆಗಿನ ಬೆಲೆ ಸೂಚ್ಯಂಕದಲ್ಲಿ ಗೃಹಸಾಲದ ಬಡ್ಡಿಯೂ ಸೇರಿತ್ತು. ಬೆಲೆ ಇಳಿಸಲು ಬಡ್ಡಿ ಏರಿಸಿದರೆ ಸೂಚ್ಯಂಕವೇ ಮೇಲೇರುತ್ತಿತ್ತು. 1983ರ ಜನವರಿಯಲ್ಲಷ್ಟೇ ಅದನ್ನು ಬಾಡಿಗೆ ಲೆಕ್ಕಕ್ಕೆ ಬದಲಿಸಿದರು.

1982ರ ಕೊನೆಗೆ ನಿರುದ್ಯೋಗ ಶೇ 10.8. ಕರಿಯ ಜನಾಂಗದವರಲ್ಲಿ ಶೇ 20 ದಾಟಿತ್ತು. ಬಡ್ಡಿಯಿಂದ ಡಾಲರ್ ಬಲಿತು ಆಮದು ಅಗ್ಗವಾಯಿತು. ಉಕ್ಕು, ಕಾರು, ಯಂತ್ರಗಳ ಕಾರ್ಖಾನೆಗಳಿಗೆ ಎರಡೂ ಕಡೆಯಿಂದ ಏಟು. ಓಹಾಯೋದ ಯಂಗ್ಸ್‌ಟೌನ್‌ನಲ್ಲಿ 1977ರ ಸೆಪ್ಟೆಂಬರಿನಲ್ಲೇ ದೊಡ್ಡ ಉಕ್ಕಿನ ಕಾರ್ಖಾನೆ ಬಾಗಿಲು ಹಾಕುವ ಸುದ್ದಿ ಬಂದು ಸಾವಿರಾರು ಮಂದಿ ಬೀದಿಗೆ ಬಿದ್ದಿದ್ದರು. ಈಗ ಅದು ಆ ಒಂದೂರಿನ ಕತೆಯಾಗಿ ಉಳಿಯಲಿಲ್ಲ. 1981ರ ಆಗಸ್ಟ್‌ನಲ್ಲಿ ಮುಷ್ಕರ ಹೂಡಿದ 11,000ಕ್ಕೂ ಹೆಚ್ಚು ವಿಮಾನ ಸಂಚಾರ ನಿಯಂತ್ರಕರನ್ನು ರೇಗನ್ ಮನೆಗೆ ಕಳಿಸಿದ್ದರಿಂದ ಕಾರ್ಮಿಕ ಸಂಘಗಳ ದನಿ ಉಡುಗಿತ್ತು. 1982ರಲ್ಲಿ ಕಾರು ಕಾರ್ಮಿಕರ ಸಂಘವು ಫೋರ್ಡ್, ಜನರಲ್ ಮೋಟರ್ಸ್ ಜತೆ ತುಟ್ಟಿಭತ್ಯೆಯ ಕಂತುಗಳನ್ನೇ ಮುಂದೂಡಲು ಒಪ್ಪಿತು. 1983ರಲ್ಲಿ ಬೆಲೆಯೇರಿಕೆ ಶೇ 3.2ಕ್ಕೆ ಇಳಿದಿತ್ತು.

ಒಂದು ಬಾಕಿ ಇನ್ನೂ ಇತ್ತು. ಅಮೆರಿಕದ ಊರೂರಲ್ಲಿದ್ದ ‘ಸೇವಿಂಗ್ಸ್ ಅಂಡ್ ಲೋನ್’ ಸಂಸ್ಥೆಗಳು ಜನರ ಪಾಸ್‌ಬುಕ್ ಠೇವಣಿಗೆ ಕಾನೂನು ಮಿತಿಯ ಶೇ 5.5 ಬಡ್ಡಿ ಕೊಟ್ಟು, ಶೇ 6ರಿಂದ 8ಕ್ಕೆ 30 ವರ್ಷದ ಗೃಹಸಾಲ ನೀಡಿ ಬದುಕುತ್ತಿದ್ದವು. ಪೇಟೆಯಲ್ಲಿ ಬಡ್ಡಿ ಎರಡಂಕಿ ಮುಟ್ಟಿದಾಗ ಠೇವಣಿದಾರರು ಹಣ ತೆಗೆದು, ಪೇಟೆಯ ಬಡ್ಡಿಯನ್ನೇ ಕೊಡುವ ಮನಿ ಮಾರ್ಕೆಟ್ ಫಂಡುಗಳಿಗೆ ಹಾಕಿದರು. ತಡೆಯಲು ಇವೂ ಹೆಚ್ಚಿನ ಬಡ್ಡಿ ಕೊಡಬೇಕಾಯಿತು. ಬರುವ ಬಡ್ಡಿ ಮಾತ್ರ ಹಳೆಯದೇ. ಸಂಸತ್ತು ಬಾಗಿಲು ಮುಚ್ಚಿಸುವ ಬದಲು 1982ರ ಕಾನೂನಿನಲ್ಲಿ ಅವಕ್ಕೆ ವಾಣಿಜ್ಯ ಸಾಲದ ಜೂಜಿಗೆ ಅವಕಾಶ ಕೊಟ್ಟಿತು, ಮುಳುಗಿದರೆ ಠೇವಣಿ ತುಂಬಿಕೊಡುವ ವಿಮೆ ಸರ್ಕಾರದ್ದೇ ಆಗಿರುವಾಗ. ಸೋತವನಿಗೆ ಸಾಲ ಕೊಟ್ಟು ಮತ್ತೆ ಆಟಕ್ಕೆ ಕೂರಿಸಿದಂತೆ. 1989ರ ಹೊತ್ತಿಗೆ ನೂರಾರು ಸಂಸ್ಥೆಗಳು ಮುಳುಗಿದ್ದವು. ಅವನ್ನು ಗುಡಿಸಿ ಹಾಕಲು ತೆರಿಗೆದಾರರ ಜೇಬಿನಿಂದ ಹೋದದ್ದು ಸುಮಾರು 124 ಬಿಲಿಯನ್ ಡಾಲರ್.