ರಾತ್ರಿಯಿಡೀ ಹೊಟ್ಟೆ ಖಾಲಿ, ಬೆಳಿಗ್ಗೆ ಶುಗರ್ 104: ಎಲ್ಲಿಂದ ಬಂತು?

ಪ್ರಶ್ನೆ: ಡೊಂಬಿವಲಿಯಲ್ಲಿದ್ದೇನೆ. ವಯಸ್ಸು 41, ಎತ್ತರ 170 ಸೆಂ.ಮೀ., ತೂಕ 66 ಕೆ.ಜಿ. ಡಯಾಬಿಟೀಸ್ ಇಲ್ಲ. ಸೋನೋಗ್ರಫಿಯಲ್ಲಿ ಗ್ರೇಡ್ 1 ಫ್ಯಾಟಿ ಲಿವರ್ ಬಂದಿದೆ, ಫಾಸ್ಟಿಂಗ್ ಶುಗರ್ 104. ಹಿಂದಿನ ರಾತ್ರಿ ಎಂಟಕ್ಕೇ ಊಟ ಮುಗಿಸಿದ್ದೆ. ಎರಡಕ್ಕೂ ಸಂಬಂಧ ಉಂಟೇ?

ಉತ್ತರ: ಉಂಟು. ಆ 104ರ ಹೊಣೆ ರಾತ್ರಿಯ ಊಟದ್ದಲ್ಲ, ಬಹುಮಟ್ಟಿಗೆ ಲಿವರ್‌ನದು.

ನಮ್ಮ ಅಷ್ಟೂ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸ್ ಸುಮಾರು 5 ಗ್ರಾಂ, ಅಂದರೆ ಒಂದು ಟೀ ಚಮಚ. ನಿದ್ದೆಯಲ್ಲೂ ಮಿದುಳು ಅದನ್ನು ಉರಿಸುತ್ತಿರುತ್ತದೆ. ಕೊರತೆ ಬೀಳದಂತೆ ಲಿವರ್ ಗಂಟೆಗೆ 7–8 ಗ್ರಾಂನಷ್ಟು ಗ್ಲೂಕೋಸ್ ಬಿಡುತ್ತದೆ. 'ಸಾಕು' ಎಂದು ಅದನ್ನು ತಡೆಯುವುದು ಇನ್ಸುಲಿನ್. ಲಿವರ್‌ನಲ್ಲಿ ಕೊಬ್ಬು ಶೇ. 5 ದಾಟಿದರೆ ಫ್ಯಾಟಿ ಲಿವರ್ ಎನ್ನುತ್ತಾರೆ. ಕೊಬ್ಬು ಸೇರಿದ ಲಿವರ್‌ಗೆ ಈ 'ಸಾಕು' ಸರಿಯಾಗಿ ಕೇಳಿಸುವುದಿಲ್ಲ. ಮೇದೋಜೀರಕ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ವಿಚಿತ್ರ ಇರುವುದು ಇಲ್ಲಿ: ಗ್ಲೂಕೋಸ್ ನಿಲ್ಲಿಸು ಎಂದರೆ ಕಿವುಡಾಗುವ ಲಿವರ್, ಸಕ್ಕರೆಯಿಂದ ಕೊಬ್ಬು ಮಾಡು ಎಂಬ ಇನ್ಸುಲಿನ್‌ನ ಇನ್ನೊಂದು ಆಜ್ಞೆಯನ್ನು ಮಾತ್ರ ಚಾಚೂ ತಪ್ಪದೆ ಪಾಲಿಸುತ್ತದೆ. ಕೊಬ್ಬು ಮತ್ತೆ ಏರುತ್ತದೆ.

ನಿಮ್ಮ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 22.8, ನೋಡಲು ಚೆನ್ನಾಗಿಯೇ ಇದೆ. ಅದನ್ನು ನಂಬಿ ಕೂರಬೇಡಿ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮನ್ನೇ ಅಳೆದು ತೋರಿಸಿದರು: ಇಬ್ಬರದೂ ಬಿಎಂಐ 22.3, ಮೈಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ಹಾಗಾಗಿ ತಕ್ಕಡಿಗಿಂತ ಟೇಪ್ ಮೇಲು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ ಅಳೆಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮಿತಿ.

ಫಾಸ್ಟಿಂಗ್ 100–125 ಪ್ರಿಡಯಾಬಿಟೀಸ್ ವ್ಯಾಪ್ತಿ. ಒಂದೇ ರಿಪೋರ್ಟಿಗೆ ಗಾಬರಿ ಬೇಡ, ಮತ್ತೊಮ್ಮೆ ಮಾಡಿಸಿ, ಜೊತೆಗೆ ಎರಡು-ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ (ಶೇ. 5.7ರ ಕೆಳಗಿದ್ದರೆ ನಾರ್ಮಲ್). ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಇದು ಸುಳ್ಳೇ ಏರಿ ಕಾಣಬಹುದು.

ಲಿವರ್‌ನ ಕೊಬ್ಬು ಕರಗಿಸಲು ಮೊದಲ ಗುರಿ ತೂಕದ ಶೇ. 5, ನಿಮಗೆ 3.3 ಕೆ.ಜಿ.; ಮೂರು ತಿಂಗಳು ಹಿಡಿಯಲಿ. ದಿನಕ್ಕೆ ನಾಲ್ಕು ಚಹಾ, ತಲಾ ಎರಡು ಚಮಚ ಎಂದರೆ 30–40 ಗ್ರಾಂ ಸಕ್ಕರೆ. ಅದರಲ್ಲಿ ಅರ್ಧ ಫ್ರಕ್ಟೋಸ್, ಹೆಚ್ಚಿನದು ಲಿವರ್‌ನ ಪಾಲಿಗೇ ಬರುವಂಥದ್ದು. ಬೆಲ್ಲಕ್ಕೆ ಬದಲಾಯಿಸಿದರೆ ಲೆಕ್ಕ ಬದಲಾಗದು, ಅದೂ ಬಹುಪಾಲು ಅದೇ ಸಕ್ಕರೆ. ಸಕ್ಕರೆ ಬಿಟ್ಟವರು ಎಡವುವುದು ಊಟದಲ್ಲಿ: ಅನ್ನದ ಜೊತೆ ಇನ್ನೆರಡು ಚಪಾತಿ ಏರಿಬಿಡುತ್ತದೆ. ವಾರಕ್ಕೆ 150 ನಿಮಿಷ ಚುರುಕು ನಡಿಗೆ ಬೇಕು. ಲೋಕಲ್ ರೈಲಿನಲ್ಲಿ ಒಂದು ಗಂಟೆ ನಿಂತದ್ದು ಲೆಕ್ಕಕ್ಕಿಲ್ಲ. ಮದ್ಯ ಬಿಡಿ. 'ಲಿವರ್ ಶುದ್ಧಿ' ಕಷಾಯಗಳೂ ಬೇಡ: ಅಮೃತಬಳ್ಳಿ ಸೇವಿಸಿದವರಲ್ಲಿ ಲಿವರ್‌ಗೆ ಪೆಟ್ಟಾದ ಪ್ರಕರಣಗಳನ್ನು ಮುಂಬಯಿಯ ವೈದ್ಯರೇ 2021ರಲ್ಲಿ ವರದಿ ಮಾಡಿದ್ದಾರೆ.

ತಿಂಗಳಿಗೊಮ್ಮೆ ಸೋನೋಗ್ರಫಿ ದಂಡ. ಕೊಬ್ಬು ಶೇ. 20ಕ್ಕಿಂತ ಕಡಿಮೆಯಿದ್ದರೆ ಅದರ ಕಣ್ಣಿಗೆ ಬೀಳದೆಯೂ ಹೋಗಬಹುದು, ಗ್ರೇಡ್ ನೋಡುವವರ ಮೇಲೂ ಹೋಗುತ್ತದೆ. ಬದಲಿಗೆ ರಕ್ತದಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ (ಎರಡೂ ಲಿವರ್ ಕಿಣ್ವಗಳು), ಪ್ಲೇಟ್‌ಲೆಟ್ ಮಾಡಿಸಿ, ವಯಸ್ಸು ಸೇರಿಸಿ ಫಿಬ್-4 (ಲಿವರ್‌ನಲ್ಲಿ ಗಾಯದ ಕಲೆ ಕಟ್ಟಿರುವ ಸಾಧ್ಯತೆ ಅಂದಾಜಿಸುವ ಅಂಕ) ಲೆಕ್ಕ ಹಾಕಲು ನಿಮ್ಮ ಡಾಕ್ಟರಿಗೆ ಹೇಳಿ. 1.3 ದಾಟಿದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಬೇಕಾದೀತು.