ಜಪಾನಿನ ಆಂಪ್ಲಿಫೈಯರ್ ಅಗ್ಗಕ್ಕೆ ಸಿಕ್ಕಿದರೆ ತರಿಸಬಹುದೇ?

ಪ್ರಶ್ನೆ: ಇಲ್ಲಿ 70,000 ರೂಪಾಯಿ ಹೇಳುತ್ತಿರುವ ಸ್ಟೀರಿಯೊ ಆಂಪ್ಲಿಫೈಯರ್ ಜಪಾನಿನ ಆನ್‌ಲೈನ್ ಮಾರಾಟಗಾರರೊಬ್ಬರ ಬಳಿ 42,000ಕ್ಕೆ ಸಿಗುತ್ತಿದೆ. ಹೊಸದು, ಬಾಕ್ಸ್ ಒಡೆದಿಲ್ಲ. ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿಕೊಂಡರೆ ಸಾಕು ಅನ್ನುತ್ತಾರೆ. ತರಿಸಲೇ? (ಮಂಡ್ಯದ ಓದುಗರೊಬ್ಬರು)

ಉತ್ತರ: ಈ ಆಂಪ್ಲಿಫೈಯರ್ ಬೇಡ. ವಿದೇಶದಿಂದ ಏನನ್ನೂ ತರಿಸಬಾರದು ಎಂದಲ್ಲ. ನೀವು ಬೆಲೆಯನ್ನು ಮೊದಲು ನೋಡಿದ್ದೀರಿ. ಮೊದಲು ನೋಡಬೇಕಾದದ್ದು ಆಂಪ್ಲಿಫೈಯರ್‌ನ ಹಿಂಬದಿಯಲ್ಲಿ, ವೈರ್ ಒಳಗೆ ಹೋಗುವ ಜಾಗದಲ್ಲಿ ಅಚ್ಚಾಗಿರುವ ಒಂದು ಸಾಲು. ಮಾರಾಟಗಾರರಿಂದ ಅದರ ಫೋಟೊ ಕೇಳಿ.

ಅಲ್ಲಿ '100–240 ವೋಲ್ಟ್, 50/60 ಹರ್ಟ್ಸ್' ಎಂದಿದ್ದರೆ ಕರೆಂಟಿನ ಚಿಂತೆ ಮುಗಿಯಿತು, ಪ್ಲಗ್ ಬದಲಾಯಿಸಿದರೆ ಸಾಕು. ಈಚಿನ ಅನೇಕ ಪವರ್ಡ್ ಸ್ಪೀಕರ್‌ಗಳು ಮತ್ತು ಅಡಾಪ್ಟರ್‌ನಿಂದ ನಡೆಯುವ ಡ್ಯಾಕ್‌ಗಳು (ಡಿಜಿಟಲ್ ಸಂಗೀತವನ್ನು ಅನಲಾಗ್ ಸಿಗ್ನಲ್ ಮಾಡುವ ಸಾಧನಗಳು) ಹೀಗಿರುತ್ತವೆ. ದುಬೈ, ಸಿಂಗಪುರದ ಮಾಲೂ ನಮ್ಮಂತೆ 230 ವೋಲ್ಟ್, 50 ಹರ್ಟ್ಸ್‌ನದೇ. ಆದರೆ ಜಪಾನಿನ ಕರೆಂಟಿಗೆ ತಕ್ಕಂತೆ ಬರೀ '100 ವೋಲ್ಟ್' ಎಂದಿದ್ದರೆ ಒಳಗಿನ ಟ್ರಾನ್ಸ್‌ಫಾರ್ಮರ್‌ನ ಸುತ್ತುಗಳೇ ಆ ವೋಲ್ಟೇಜಿಗೆ ಲೆಕ್ಕ ಹಾಕಿದವು. ಅದನ್ನು ತಪ್ಪಿ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದರೆ ಅದರ ಕಬ್ಬಿಣದ ಕೋರ್ ಕಾಂತಶಕ್ತಿಯ ಮಿತಿ ಮುಟ್ಟಿ (ಸ್ಯಾಚುರೇಟ್ ಆಗಿ) ಕರೆಂಟ್ ಯದ್ವಾತದ್ವಾ ಏರುತ್ತದೆ. ಫ್ಯೂಸ್ ಹೋದರೆ ಪುಣ್ಯ. ಅದು ಹೋಗುವುದರೊಳಗೆ ಫಿಲ್ಟರ್ ಕೆಪಾಸಿಟರ್ ಉಬ್ಬಿ ಒಡೆಯಬಹುದು.

ಈಗ ಸ್ಟೆಪ್‌ಡೌನ್ ವಿಚಾರ. ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು 230ರಿಂದ 110ಕ್ಕೆ ಇಳಿಸುವಂಥದ್ದು, ಅಮೆರಿಕದ ಮಾಲಿಗೆ ಹೊಂದುವಂಥದ್ದು. ಮನೆಗೆ 245 ವೋಲ್ಟ್ ಬರುತ್ತಿರುವ ಹೊತ್ತಿನಲ್ಲಿ ಅದು 117 ಕೊಡುತ್ತದೆ. 100 ವೋಲ್ಟಿನ ಆಂಪ್ಲಿಫೈಯರ್‌ಗೆ ಇದು ಶೇ 17ರಷ್ಟು ಹೆಚ್ಚು. ತಕ್ಷಣ ಸುಡುವುದಿಲ್ಲ, ದಿನವೂ ಸ್ವಲ್ಪ ಹೆಚ್ಚು ಬಿಸಿಯಾಗಿ ಆಯುಷ್ಯ ಕಳೆದುಕೊಳ್ಳುತ್ತದೆ. ಆದ್ದರಿಂದ ಜಪಾನಿನ ಮಾಲಿಗೆ ಸರಿಯಾಗಿ 100 ವೋಲ್ಟಿನದನ್ನೇ ವೈಂಡಿಂಗ್ ಮಾಡುವವರಿಂದ ಸುತ್ತಿಸಬೇಕು. ನಾಲೆ ಬಯಲಿನ ಹಳ್ಳಿಗಳಲ್ಲಿ ಪಂಪ್‌ಸೆಟ್ ಓಡುವಾಗ ವೋಲ್ಟೇಜ್ ಇಳಿದು, ನಿಂತಾಗ ಏರುವ ಕಡೆ ಅದಕ್ಕೂ ಮುಂಚೆ ಒಂದು ಸ್ಟೆಬಿಲೈಸರ್ ಬೇಕು. ಸ್ಟೆಪ್‌ಡೌನ್ ಏರಿಳಿತವನ್ನು ತಡೆಯುವುದಿಲ್ಲ, ಅದೇ ಅನುಪಾತದಲ್ಲಿ ದಾಟಿಸುತ್ತದೆ.

ಸುತ್ತಿಸುವಾಗ ಕರೆಂಟ್ ಒಳಬರುವ ಸುತ್ತು (ಪ್ರೈಮರಿ), ಹೊರಹೋಗುವ ಸುತ್ತು (ಸೆಕೆಂಡರಿ) ಬೇರೆಬೇರೆ ಇರುವ ಐಸೊಲೇಶನ್ ಬಗೆಯದನ್ನೇ ಕೇಳಿ. ಅಗ್ಗದ ಆಟೊ ಟ್ರಾನ್ಸ್‌ಫಾರ್ಮರ್‌ನಲ್ಲಿ ಎರಡಕ್ಕೂ ಒಂದೇ ಸುತ್ತು. ಅದರ ಸಾಮಾನ್ಯ ಭಾಗದ ತಂತಿ ತುಂಡಾದರೆ 230 ವೋಲ್ಟ್ ನೇರವಾಗಿ ಆಂಪ್ಲಿಫೈಯರ್‌ಗೆ ನುಗ್ಗುತ್ತದೆ. ಆಂಪ್ಲಿಫೈಯರ್‌ನ ಲೇಬಲ್‌ನಲ್ಲಿ 180 ವ್ಯಾಟ್ ಎಂದಿದ್ದರೆ ಟ್ರಾನ್ಸ್‌ಫಾರ್ಮರ್‌ಗೆ 500 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯ ಸಾಕು, ಪ್ರೈಮರಿಯಲ್ಲಿ 3 ಆಂಪಿಯರ್ ಸ್ಲೋ-ಬ್ಲೋ (ಕ್ಷಣಿಕ ಏರಿಕೆಗೆ ಹೋಗದ) ಫ್ಯೂಸ್ ಹಾಕಿಸಿ. ಜೇಬಿನಲ್ಲಿ ಹಿಡಿಯುವಷ್ಟು ಹಗುರವಾದ 'ಟ್ರಾವೆಲ್ ಕನ್ವರ್ಟರ್' ಮಾತ್ರ ಖಂಡಿತ ಬೇಡ. ಅವುಗಳಲ್ಲಿ ಹಲವು ಕರೆಂಟಿನ ಅಲೆಯನ್ನೇ ಕತ್ತರಿಸಿ ಕಳಿಸುತ್ತವೆ. ಇಸ್ತ್ರಿಪೆಟ್ಟಿಗೆಗೆ ನಡೆಯುತ್ತದೆ, ಆಡಿಯೊಗೆ ಅಪಾಯ.

ಟ್ರಾನ್ಸ್‌ಫಾರ್ಮರ್‌ನಿಂದ ಪರಿಹಾರವಾಗದ ಸಂಗತಿಗಳೂ ಇವೆ. ಜಪಾನಿನ ಎಫ್‌ಎಂ ಬ್ಯಾಂಡ್ 76ರಿಂದ 95 ಮೆಗಾಹರ್ಟ್ಸ್. ಅಷ್ಟನ್ನೇ ಹಿಡಿಯುವ ಅಲ್ಲಿನ ರಿಸೀವರ್‌ನಲ್ಲಿ ಮೈಸೂರು ಆಕಾಶವಾಣಿಯ 100.6 ಹಿಡಿಯುವುದೇ ಇಲ್ಲ. ಅಮೆರಿಕದ ಡಿಜಿಟಲ್ ಟ್ಯೂನರ್ ಹಲವು ಮಾಡೆಲ್‌ಗಳಲ್ಲಿ 100.5ರಿಂದ ನೇರ 100.7ಕ್ಕೆ ಜಿಗಿಯುತ್ತದೆ. ಕೆಲವಕ್ಕೆ ಸೆಟ್ಟಿಂಗ್ ಇರುತ್ತದೆ, ಮ್ಯಾನ್ಯುಯಲ್ ಓದಿ ಖಚಿತ ಮಾಡಿಕೊಳ್ಳಿ. 60 ಹರ್ಟ್ಸ್‌ನ ಸಿಂಕ್ರೊನಸ್ ಮೋಟಾರ್ (ಕರೆಂಟಿನ ಹರ್ಟ್ಸ್‌ಗೆ ತಕ್ಕ ವೇಗದಲ್ಲಿ ಸುತ್ತುವಂಥದ್ದು) ಇರುವ, ಗ್ರಾಮಫೋನ್ ತಟ್ಟೆ ನುಡಿಸುವ ಟರ್ನ್‌ಟೇಬಲ್ ಇಲ್ಲಿ ನಿಮಿಷಕ್ಕೆ 33⅓ ಸುತ್ತಿನ ಬದಲು ಸುಮಾರು 27.8 ಸುತ್ತುತ್ತದೆ. ಗಾಯಕಿಯ ದನಿ ಸುಮಾರು ಮೂರು ಸ್ವರಸ್ಥಾನದಷ್ಟು ಕುಸಿಯುತ್ತದೆ.

ಇನ್ನು ಹಣ. ಏರ್ ಕೊರಿಯರ್‌ನವರು ತೂಕವನ್ನೂ ಬಾಕ್ಸಿನ ಗಾತ್ರವನ್ನೂ ನೋಡಿ, ಹೆಚ್ಚಿನದಕ್ಕೆ ಬಿಲ್ ಮಾಡುತ್ತಾರೆ. 52×45×25 ಸೆಂಟಿಮೀಟರ್ ಬಾಕ್ಸಿನ ಉದ್ದ, ಅಗಲ, ಎತ್ತರವನ್ನು ಗುಣಿಸಿ 5000ದಿಂದ ಭಾಗಿಸಿದರೆ ಬಿಲ್ಲಿನ ಲೆಕ್ಕಕ್ಕೆ 11.7 ಕಿಲೊ. ಸಾಗಣೆ ಮತ್ತು ವಿಮೆಗೆ 9,000 ಎಂದಿಟ್ಟುಕೊಳ್ಳಿ. ಕಸ್ಟಮ್ಸ್ ಸುಂಕ ಬೀಳುವುದು 42,000ದ ಮೇಲಲ್ಲ, 51,000ದ ಮೇಲೆ. ಸುಂಕ ಸೇರಿದ ಮೊತ್ತದ ಮೇಲೆ ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ). ದರ ಬದಲಾಗುತ್ತಿರುತ್ತದೆ. ಒಟ್ಟು ಶೇ 30 ಎಂದು ಹಿಡಿದರೂ 66,300 ಆಯಿತು. ಕಾರ್ಡಿನ ಫಾರೆಕ್ಸ್ ಶುಲ್ಕ, ಟ್ರಾನ್ಸ್‌ಫಾರ್ಮರ್ ಸೇರಿಸಿದರೆ ಮಂಡ್ಯದ ಬೆಲೆಗೇ ಬಂದು ನಿಂತಿರಿ, ವಾರಂಟಿ ಇಲ್ಲದೆ. ಹೆಚ್ಚಿನ ಕಂಪನಿಗಳು ವಾರಂಟಿ ಕೊಡುವುದು ಮಾರಿದ ದೇಶದಲ್ಲಿ ಮಾತ್ರ. ಸರ್ವಿಸ್ ಸೆಂಟರ್‌ನಲ್ಲಿ ಸೀರಿಯಲ್ ನಂಬರ್ ಹಾಕಿದೊಡನೆ ಅದು ಗೊತ್ತಾಗುತ್ತದೆ. ಔಟ್‌ಪುಟ್ ಟ್ರಾನ್ಸಿಸ್ಟರ್ ಹೋದರೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕಿ ಹಾಕಬಹುದು, ಆದರೆ ಡಿಸ್ಪ್ಲೇ ಬೋರ್ಡ್ ಹೋದರೆ ಕಷ್ಟ.

'ಗಿಫ್ಟ್ ಎಂದು ಬರೆದು ಕಳಿಸುತ್ತೇವೆ' ಎನ್ನುವ ಮಾರಾಟಗಾರರ ಮಾತಿಗೆ ಒಪ್ಪಬೇಡಿ. ಗಿಫ್ಟ್‌ಗೆ ಇದ್ದ ಸುಂಕದ ವಿನಾಯಿತಿ 2019ರಲ್ಲೇ ಹೋಯಿತು. ಕಡಿಮೆ ಬೆಲೆ ಬರೆಸಿದರೆ ದಂಡದ ಭಯ ಒಂದು, ಮಾಲು ಒಡೆದು ಬಂದರೆ ವಿಮೆ ಸಿಗುವುದೂ ಆ ಸುಳ್ಳು ಬೆಲೆಗೇ. ಬ್ಲೂಟೂತ್, ವೈಫೈ ಇರುವ ಸಾಧನಗಳಿಗೆ ಇಲ್ಲಿನ ಅನುಮೋದನೆ ಬೇಕು. ಅದಿಲ್ಲದ ಮಾಡೆಲ್ ಕಸ್ಟಮ್ಸ್‌ನಲ್ಲೇ ನಿಂತುಬಿಡಬಹುದು.

ಎಲ್ಲ ಖರ್ಚು ಸೇರಿದ ಮೇಲೂ ಕಾಲುಭಾಗದಷ್ಟು ಉಳಿತಾಯ, ಹಿಂದೆ 230 ಅಥವಾ 100–240ರ ಲೇಬಲ್: ಎರಡೂ ಇದ್ದರೆ ಯೋಚಿಸಿ. ಹೆಡ್‌ಫೋನ್, ಟರ್ನ್‌ಟೇಬಲ್‌ನ ಮುಳ್ಳಿರುವ ಕಾರ್ಟ್ರಿಜ್, ಪವರ್ ಬೇಡದ ಸ್ಪೀಕರ್‌ಗಳಲ್ಲಿ ಕರೆಂಟಿನ ತೊಡಕಿಲ್ಲ, ನಕಲಿಯ ಬಗ್ಗೆ ಮಾತ್ರ ಎಚ್ಚರ.

ಆಂಪ್ಲಿಫೈಯರ್ ಈಗಾಗಲೇ ತರಿಸಿಬಿಟ್ಟಿದ್ದರೆ, ಬಾಕ್ಸ್ ಬಿಚ್ಚುವುದನ್ನು ಪೂರ್ತಿ ವಿಡಿಯೊ ಮಾಡಿ. ಸ್ಟೆಪ್‌ಡೌನ್‌ನ ಔಟ್‌ಪುಟ್ಟನ್ನು ಮೀಟರ್‌ನಲ್ಲಿ ಅಳೆದ ಮೇಲೆ, ಸ್ಪೀಕರ್ ಜೋಡಿಸದೆ, ಎಲೆಕ್ಟ್ರಿಷಿಯನ್‌ಗಳು ಬಳಸುವ ಸೀರೀಸ್ ಬೋರ್ಡಿಗೆ (ಕರೆಂಟ್ ಬಲ್ಬಿನ ಮೂಲಕವೇ ಹಾದುಹೋಗುವ ಬೋರ್ಡು) 100 ವ್ಯಾಟಿನ ಹಳೇ ಬಗೆಯ ಬಲ್ಬ್ ಹಾಕಿ, ಸ್ಟೆಪ್‌ಡೌನನ್ನು ಅದರ ಮೂಲಕ ಗೋಡೆಗೆ ಜೋಡಿಸಿ ಆನ್ ಮಾಡಿ. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಸರಿ, ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಆಫ್ ಮಾಡಿ. ಚಪ್ಪಟೆ ಪಿನ್ನಿನ ಪ್ಲಗ್ ತೆಗೆದು ನಮ್ಮ ಗುಂಡುಪಿನ್ ಹಾಕಿಸಬೇಡಿ, ಮನೆಯಲ್ಲಿ ಯಾರಾದರೂ ಗೋಡೆಗೆ ಚುಚ್ಚಿಬಿಡಬಹುದು. ಚಪ್ಪಟೆ ಪಿನ್ನೂ ಹಿಡಿಯುವ ಎಕ್ಸ್‌ಟೆನ್ಶನ್ ಬೋರ್ಡ್‌ಗಳಿರುತ್ತವಲ್ಲ, ಅಂಥದ್ದನ್ನು ಆ ಕೋಣೆಯಿಂದ ಹೊರಗಿಡಿ.